ಬೀಳಗಿಯ ದನಿ, ಜಗಳದ ಹಾಡು: ಅಮೀರಬಾಯಿ ಕರ್ನಾಟಕಿ ಅವರ ಒಂದು ಯುಗಳಗೀತೆ

ಅಮೀರಬಾಯಿ ಕರ್ನಾಟಕಿ ಎಂದ ಕೂಡಲೇ ಹಳೆಯ ಹಿಂದಿ ಹಾಡುಗಳ ಕೇಳುಗರು ‘ಕಿಸ್ಮತ್’ (1943) ಎನ್ನುತ್ತಾರೆ. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರದಲ್ಲಿ ಅವರು ಕೃಷ್ಣನಿಗೆ ಇಟ್ಟ ಮೊರೆ ಊರೂರಿನ ಭಜನಾ ಮಂಡಳಿಗಳವರೆಗೂ ಇಳಿಯಿತು. ಮರುವರ್ಷ ‘ರತನ್’ ಚಿತ್ರಕ್ಕೆ ನೌಷಾದ್ ಅವರ ಕೈಕೆಳಗೆ ಹಾಡಿದ ‘ಮಿಲ್‌ಕೇ ಬಿಛಡ್ ಗಯೀ ಅಖಿಯಾಂ’ ಕೂಡ ಅಗಲಿಕೆಯ ಹಾಡೇ. ಈ ಎರಡರಿಂದ ಅವರ ಹೆಸರಿನ ಮುಂದೆ ‘ವಿರಹದ ಗಾಯಕಿ’ ಎಂಬ ಚೀಟಿ ಅಂಟಿಕೊಂಡಿತು. ಆ ಚೀಟಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದ ಅರ್ಧಕ್ಕೆ ಸಾಕ್ಷಿಯಾಗಿ ಅದೇ ‘ರತನ್’ ಚಿತ್ರದ, ಯಾರೂ ಅಷ್ಟಾಗಿ ಎತ್ತದ ಒಂದು ಹಾಡನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಅದು ‘ಓ ಜಾನೇವಾಲೇ ಬಾಲಮವಾ’. ಜೊತೆಗೆ ಹಾಡಿದವರು ಶ್ಯಾಮ್ ಕುಮಾರ್, ಬರೆದವರು ಡಿ. ಎನ್. ಮಧೋಕ್.

ಈ ಹಾಡು ಹಿಂದೆ ಸರಿದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ‘ರತನ್’ ಚಿತ್ರದಲ್ಲಿ ಗೆದ್ದ ಹಾಡುಗಳೇ ಹೆಚ್ಚು. ಜೋಹ್ರಾಬಾಯಿ ಅಂಬಾಲೇವಾಲಿ ಅವರ ‘ಅಖಿಯಾಂ ಮಿಲಾಕೇ’ ಬೀದಿಬೀದಿಯಲ್ಲಿ ಕೇಳಿಸಿತು. ನಾಯಕ ಕರಣ್ ದಿವಾನ್ ತಾನೇ ಹಾಡಿದ ಹಾಡೂ ಜನರ ಬಾಯಿಗೆ ಬಂತು. ಮುಂದೆ ಹಳೆಯ ರಿಕಾರ್ಡುಗಳಿಂದ ಸಂಕಲನಗಳನ್ನು ಕಟ್ಟಿದವರು ಒಬ್ಬೊಬ್ಬ ಗಾಯಕಿಗೆ ಒಂದೊಂದು ಹಾಡನ್ನು ಆರಿಸುವಾಗ ಅಮೀರಬಾಯಿ ಅವರ ಪಾಲಿಗೆ ಅಗಲಿಕೆಯ ಹಾಡನ್ನೇ ಇಟ್ಟರು. ಯುಗಳಗೀತೆ ಯಾರ ಪಾಲಿಗೂ ಬರಲಿಲ್ಲ.

ಹಾಡನ್ನು ಹತ್ತಿರದಿಂದ ಕೇಳಬೇಕು. ಹತ್ತು ಇಂಚಿನ ಅರಗಿನ ತಟ್ಟೆ, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಆಲಾಪಕ್ಕೆ ಅಲ್ಲಿ ಜಾಗವಿಲ್ಲ, ಜಗಳಕ್ಕೆ ನೇರವಾಗಿ ಇಳಿಯಬೇಕು. ಪಲ್ಲವಿಯ ಮೊದಲ ಸಾಲು ಹೆಣ್ಣಿನದು: ಹೊರಟವನನ್ನು ಹಿಂದಕ್ಕೆ ಕರೆಯುತ್ತಾಳೆ, ಕರೆಯನ್ನು ಎರಡು ಸಲ ಹೇಳುತ್ತಾಳೆ. ಎರಡನೆಯ ಸಾಲು ಗಂಡಿನದು: ಅದೇ ಅಳತೆಯ ಮಾತಿನಲ್ಲಿ ಅವಳನ್ನು ದೂರುತ್ತಾನೆ, ಬೈಗುಳವನ್ನು ಅವನೂ ಎರಡು ಸಲವೇ ಹೇಳುತ್ತಾನೆ. ಅವಳು ಮುದ್ದಿನಿಂದ ಕರೆದ ‘ಬಾಲಮವಾ’ ಎಂಬ ಮಾತನ್ನೇ ಎತ್ತಿಕೊಂಡು, ತಾನು ಅವಳ ಬಾಲಮನಲ್ಲ ಎಂದು ತಿರುಗಿಸಿ ಒಗೆಯುತ್ತಾನೆ. ಹಾಡಿನ ಜೀವ ಇರುವುದು ಇಲ್ಲಿ. ಎದುರಾಳಿಯ ಪದವನ್ನು ಹಿಡಿದು ಅದರಿಂದಲೇ ಪೆಟ್ಟು ಕೊಡುವುದು.

ಜಮಖಂಡಿ, ಬನಹಟ್ಟಿ, ಬೀಳಗಿ ಕಡೆಯ ಜಾತ್ರೆಗಳಲ್ಲಿ ಗೀಗೀ ಮೇಳ ಕೇಳಿ ಬೆಳೆದವರಿಗೆ ಈ ಪಟ್ಟು ಹೊಸದಲ್ಲ. ಹರದೇಶಿಯವರು ಗಂಡು ಹೆಚ್ಚು ಎಂದು ಪದ ಕಟ್ಟಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಏಳುತ್ತಾರೆ. ದಪ್ಪು, ತುಂತುಣಿಗಳ ನಡುವೆ ಬೆಳಗಿನ ತನಕ ಸವಾಲು ಜವಾಬು ನಡೆಯುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲೂ ಸತ್ಯಭಾಮೆಯ ಮುನಿಸು ಹರಿಯುವುದು ಇಂಥ ಮಾತಿನ ಎಳೆದಾಟದಲ್ಲೇ. ನೌಷಾದ್ ಲಖನೌದವರು, ಮಧೋಕ್ ಪಂಜಾಬಿನವರು. ಅವರು ನಮ್ಮ ಗೀಗೀಪದ ಕೇಳಿ ಈ ಹಾಡು ಮಾಡಿದರೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಹಾಡಿದವರ ಬಗ್ಗೆ. ಬೀಳಗಿಯ ರಂಗಕಲಾವಿದರ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಎದುರುಮಾತಿನ ಹಾಡನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕರೆಯುವ ಸಾಲಿನಲ್ಲಿಯೂ ಅವರ ದನಿ ಕುಗ್ಗುವುದಿಲ್ಲ, ಗೋಗರೆಯುವುದಿಲ್ಲ. ಮೈಕು ಇಲ್ಲದ ಕಂಪನಿ ನಾಟಕದಲ್ಲಿ ಕೊನೆಯ ಸಾಲಿನವನಿಗೂ ಮುಟ್ಟುವಂತೆ ಹಾಡಿದ ಪೀಳಿಗೆಯ ತುಂಬುಕಂಠ ಅದು. ಅವರ ಮುಂದೆ ಶ್ಯಾಮ್ ಕುಮಾರ್ ಅವರ ದನಿಯೇ ಸ್ವಲ್ಪ ತೆಳುವಾಗಿ ಕೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಆಗ ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಪಕ್ಕದ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಆಡಳಿತದ ನಕಾಶೆಯಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಹಾಗಿದ್ದರೂ 1930ರ ದಶಕದಿಂದಲೇ ಈ ಅಕ್ಕತಂಗಿಯರು, ಗೋಹರಬಾಯಿ ಮತ್ತು ಅಮೀರಬಾಯಿ, ಮುಂಬಯಿಯಲ್ಲಿ ‘ಕರ್ನಾಟಕಿ’ ಎಂದೇ ಹೆಸರಾದರು. ಮುಂಬಯಿಯ ಜನ ಇವರನ್ನು ಗುರುತಿಸಿದ್ದು ನಾಡಿನ ಹೆಸರಿನಿಂದ. ಇದನ್ನು ನೆನೆದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು, ಮುಂದೆ ಅವರನ್ನೇ ಮದುವೆಯಾದರು. ಅಮೀರಬಾಯಿ ಅವರ ಬದುಕನ್ನು ರಹಮತ್ ತರೀಕೆರೆ ಅವರು ಪುಸ್ತಕವಾಗಿ ಕಟ್ಟಿಕೊಟ್ಟಿದ್ದಾರೆ. ಕನ್ನಡದಲ್ಲಿ ಈ ವಿಷಯಕ್ಕೆ ಕೈ ಹಾಕುವ ಯಾರೂ ಅದರಿಂದಲೇ ಮೊದಲು ಮಾಡಬೇಕು.

‘ರತನ್’ ಹಾಡಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಕೇಳಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1950ರ ‘ಸಮಾಧಿ’ ಚಿತ್ರದ ‘ಗೋರೇ ಗೋರೇ’ ಕೇಳದವರು ಕಡಿಮೆ. ರಾಜೇಂದ್ರ ಕೃಷ್ಣ ಬರೆದ ಆ ಹಾಡಿಗೆ ಸಿ. ರಾಮಚಂದ್ರ ಅವರು ಲ್ಯಾಟಿನ್ ಅಮೆರಿಕದ ಕುಣಿತದ ಲಯ ತಂದರು. ಅದನ್ನು ಎಲ್ಲರೂ ಲತಾ ಮಂಗೇಶ್ಕರ್ ಅವರ ಹಾಡು ಎನ್ನುತ್ತಾರೆ. ಆದರೆ ಅದೂ ಯುಗಳಗೀತೆ. ಎರಡನೆಯ ದನಿ ನಮ್ಮ ಬೀಳಗಿಯದು. ‘ಮಹಲ್’, ‘ಬರಸಾತ್’, ‘ಅಂದಾಜ್’ ಮೂರೂ ಬಂದದ್ದು 1949ರಲ್ಲಿ, ಲತಾ ಅವರ ಎಳೆಯ, ಸಪೂರ ದನಿಗೆ ಇಡೀ ದೇಶ ಕಿವಿಗೊಟ್ಟಿತ್ತು. ಜೋಹ್ರಾಬಾಯಿ, ಅಮೀರಬಾಯಿ ಅವರ ಪೀಳಿಗೆಗೆ ಅವಕಾಶ ಕಡಿಮೆಯಾಗುತ್ತಿದ್ದ ಹೊತ್ತು ಅದು. ಆ ಹಾಡಿನಲ್ಲಿ ಲತಾ ಹುಡುಗಿಯಾಗಿ ಹುಡುಗನನ್ನು ತನ್ನ ಓಣಿಗೆ ಕರೆಯುತ್ತಾರೆ. ಹುಡುಗನ ಉತ್ತರ ಹೇಳುವವರು ಅಮೀರಬಾಯಿ. ‘ಗೋರೇ’ ಎಂದದ್ದಕ್ಕೆ ‘ಗೋರಿ’ ಎನ್ನುತ್ತಾರೆ. ‘ರತನ್’ ಹಾಡಿನಲ್ಲಿ ಗಂಡು ಮಾಡಿದ್ದನ್ನು, ಅಂದರೆ ಎದುರಿನವರ ಪದವನ್ನೇ ಎತ್ತಿ ತಿರುಗಿಸುವ ಕೆಲಸವನ್ನು, ಆರು ವರ್ಷದ ನಂತರ ಅವರು ತಾವೇ ಗಂಡಿನ ಮಾತಾಡಿ ಮಾಡುತ್ತಾರೆ. ಈ ಸಲ ಅದು ಜಗಳವಲ್ಲ, ಸರಸ. ಗಂಡಸರು ಸೀರೆಯುಟ್ಟು ನಾಯಕಿಯಾಗುತ್ತಿದ್ದ ರಂಗಭೂಮಿಯನ್ನು ಹತ್ತಿರದಿಂದ ಕಂಡವರಿಗೆ ದನಿಯಲ್ಲಿ ಗಂಡಾಗುವುದು ಏನೂ ಕಷ್ಟವಲ್ಲ. ಗಮನಿಸಬೇಕಾದದ್ದು, ಅವರು ದನಿಯನ್ನು ದಪ್ಪ ಮಾಡುವುದಿಲ್ಲ, ಗಂಡಸಿನ ಅನುಕರಣೆ ಮಾಡುವುದಿಲ್ಲ. ತಮ್ಮ ಎಂದಿನ ಕಂಠದಲ್ಲೇ ಉತ್ತರ ಕೊಡುತ್ತಾರೆ. ಅದರಲ್ಲಿ ವಯಸ್ಸಿದೆ, ಅನುಭವವಿದೆ.

ಹರಮಂದಿರ್ ಸಿಂಗ್ ‘ಹಮರಾಜ್’ ಅವರ ‘ಹಿಂದಿ ಫಿಲ್ಮ್ ಗೀತ್ ಕೋಶ’ ಚಿತ್ರ ಚಿತ್ರವಾಗಿ ಹಾಡುಗಳನ್ನು ಕೊಡುತ್ತದೆ. ಚಿತ್ರದ ಹೆಸರಿನಡಿ ಹುಡುಕಿದರೆ ಈ ಎರಡು ಹಾಡುಗಳ ನಡುವೆ ನೂರಾರು ಪುಟಗಳ ಅಂತರ. ಅವು ಒಂದೇ ಪುಟದಲ್ಲಿ ಕೂರಬೇಕಾದರೆ ಪಟ್ಟಿಯನ್ನು ಗಾಯಕಿಯ ಹೆಸರಿನಡಿ ಮಾಡಬೇಕು, ಯುಗಳಗೀತೆಗಳನ್ನು ಒಂಟಿ ಹಾಡುಗಳಿಂದ ಬೇರೆ ತೆಗೆದು ಬರೆಯಬೇಕು, ಯಾವ ಸಾಲು ಯಾರ ದನಿ ಎಂಬುದನ್ನೂ ಗುರುತಿಸಬೇಕು. ನಾನು ಮಾಡುತ್ತಿರುವ ಪಟ್ಟಿಯಲ್ಲಿ ಈಗ ‘ಕಿಸ್ಮತ್’ ಚಿತ್ರದಲ್ಲಿ ಅರುಣ್ ಕುಮಾರ್ ಅವರ ಜೊತೆ ಹಾಡಿದ್ದು, ಖಾನ್ ಮಸ್ತಾನಾ ಅವರ ಜೊತೆ ಹಾಡಿದ ‘ದೂರ್ ಹಟೋ’, ಆಮೇಲೆ ಶ್ಯಾಮ್ ಕುಮಾರ್, ಆಮೇಲೆ ಲತಾ. ಬೀಳಗಿಯವರ ದನಿಗೆ ನೇರಳೆ ಶಾಯಿಯ ಗೆರೆ ಎಳೆದಿದ್ದೇನೆ.