ಗೇಣುದ್ದದ ಲೆಕ್ಕ

ಮನೆಯ ಹಳೆಯ ರೇಡಿಯೋದ ಹಿಂಬದಿಯ ಹಲಗೆಯನ್ನು ಎಂದಾದರೂ ಬಿಚ್ಚಿ ನೋಡಿದ್ದೀರಾ? ಒಳಗಿನ ತಂತಿಗಳು ಗೇಣುದ್ದ ಹೆಚ್ಚಾದರೇನು, ಕಡಿಮೆಯಾದರೇನು ಎಂದು ನಿಮಗೆ ತೋರಿರಬಹುದು. ಆ ಗೇಣುದ್ದದ ಲೆಕ್ಕಕ್ಕೇ ಆಯುಷ್ಯವನ್ನು ಮೀಸಲಿಟ್ಟವನು ಗಣಕಯಂತ್ರಗಳ ಶಿಲ್ಪಿ ಸೀಮೋರ್ ಕ್ರೇ.

ಆತನು ಹುಟ್ಟಿದ್ದು 1925ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ರೇಡಿಯೋ ಕೆಲಸ ಮಾಡಿ ಬಂದು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿದನು. 1957ರಲ್ಲಿ ಸಹೋದ್ಯೋಗಿಗಳು ತೆರೆದ ಕಂಟ್ರೋಲ್ ಡೇಟಾ ಕಂಪನಿಯನ್ನು ಬೇಗನೆ ಸೇರಿದನು. ಕಚೇರಿಯ ಗದ್ದಲ ಒಗ್ಗಲಿಲ್ಲ. ಹುಟ್ಟೂರಿನಲ್ಲೇ ಪ್ರಯೋಗಶಾಲೆ ಕಟ್ಟಿಸಿಕೊಂಡನು. ಅಲ್ಲಿ ರೂಪುಗೊಂಡ 6600 ಯಂತ್ರವು 1964ರಲ್ಲಿ ಜಗತ್ತಿನಲ್ಲೇ ಅತಿ ವೇಗದ ಗಣಕವೆನಿಸಿತು. ಅದನ್ನು ಕಟ್ಟಿದವರು ಕಸ ಗುಡಿಸುವವನೂ ಸೇರಿ ಕೇವಲ 34 ಮಂದಿಯಲ್ಲವೇ ಎಂದು ದೈತ್ಯ ಕಂಪನಿ ಐಬಿಎಂನ ಮುಖ್ಯಸ್ಥನು ತನ್ನವರನ್ನು ಚುಚ್ಚಿ ಬರೆದನು.

ಈ ವೇಗದ ಗುಟ್ಟೇನು? ವಿದ್ಯುತ್ ಸಂಕೇತವು ಬೆಳಕನ್ನು ಮೀರಿ ಓಡಲಾರದು. ಬೆಳಕಾದರೂ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಸುಮಾರು ಒಂದಡಿ ಮಾತ್ರ ಸಾಗುತ್ತದೆ. ತಂತಿ ಉದ್ದವಾದಷ್ಟೂ ಯಂತ್ರ ಕಾಯಬೇಕು. ಭಾಗಗಳನ್ನು ಒತ್ತೊತ್ತಾಗಿ ಕೂಡಿಸಿದರೋ ಕಾವು ಏರುತ್ತದೆ. 1972ರಲ್ಲಿ ಸ್ವಂತ ಕಂಪನಿ ಹೂಡಿದ ಕ್ರೇ, 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಕಳುಹಿಸಿದ ಕ್ರೇ-1 ಯಂತ್ರದಲ್ಲಿ ಎರಡಕ್ಕೂ ಉತ್ತರ ಕೊಟ್ಟನು. ಯಂತ್ರವನ್ನು ಕುದುರೆಯ ಲಾಳದಂತೆ ಬಾಗಿಸಿದುದರಿಂದ ಒಳಗಿನ ಯಾವ ತಂತಿಯೂ ನಾಲ್ಕಡಿ ಮೀರಲಿಲ್ಲ. ಹೆಂಗಸರು ಕೈಯಿಂದಲೇ ಒಂದೊಂದು ತಂತಿಯನ್ನೂ ಜೋಡಿಸಿದರು. ಫ್ರಿಯಾನ್ ದ್ರವ ಹರಿದು ಕಾವನ್ನು ತಣಿಸಿತು. ಸುತ್ತಲೂ ಮೆತ್ತೆಯ ಪೀಠ. ಅದರಡಿಯಲ್ಲಿ ವಿದ್ಯುತ್ ಒದಗಿಸುವ ಸಲಕರಣೆ!

ಒಂದೇ ಬಲಶಾಲಿ ಗಣಕದಿಂದ ಕೆಲಸ ತೆಗೆಯಬೇಕೆಂಬುದು ಆತನ ಹಟ. ಆದರೆ ಸಣ್ಣ ಗಣಕಗಳನ್ನು ಹಲವು ಕೂಡಿಸಿ ದುಡಿಸುವ ಬೇರೊಂದು ದಾರಿ ತೆರೆದುಕೊಳ್ಳುತ್ತಿತ್ತು. ನಮ್ಮ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯೇ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಅಂಥ ಯಂತ್ರದ ಕೆಲಸ ಆರಂಭಿಸಿತು. 1989ರಲ್ಲಿ ಕ್ರೇ ಕೊಲೊರಾಡೋದಲ್ಲಿ ಮತ್ತೊಂದು ಕಂಪನಿ ತೆರೆದನು. ಶೀತಲ ಸಮರ ಮುಗಿದಿತ್ತು, ಕೊಳ್ಳುವವರು ವಿರಳವಾದರು. 1995ರಲ್ಲಿ ಅದು ದಿವಾಳಿಯಾಯಿತು.

ಎಪ್ಪತ್ತರ ವಯಸ್ಸು. ಬೇರೆಯವರಾದರೆ ವಿಶ್ರಾಂತಿ ಬಯಸುತ್ತಿದ್ದರು. ಕ್ರೇ 1996ರಲ್ಲಿ ಇನ್ನೊಂದು ಕಂಪನಿ ಆರಂಭಿಸಿದನು. ಈ ಸಲ ಕೈಹಾಕಿದ್ದು ತಾನು ಅಷ್ಟು ಕಾಲ ಒಪ್ಪದಿದ್ದ, ಹಲವು ಗಣಕಗಳನ್ನು ಕೂಡಿಸುವ ಯಂತ್ರಕ್ಕೆ! ಕೆಲಸ ಕೈಗೂಡುವ ಮುನ್ನ, ಅದೇ ವರ್ಷ ಅಕ್ಟೋಬರಿನಲ್ಲಿ, ಮೋಟಾರು ಅಪಘಾತದ ಗಾಯಗಳಿಂದ ತೀರಿಕೊಂಡನು. ಆತನ ವೇಗದ ಯಂತ್ರಗಳನ್ನು ಬೇರೆಯವು ಹಿಂದಿಕ್ಕಿವೆ. ಕಲಿತುದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ತೊಡಗುವ ಆ ಧೈರ್ಯವನ್ನು ಹಿಂದಿಕ್ಕುವುದು, ಪ್ರಿಯ ವಾಚಕರೇ, ಅಷ್ಟು ಸುಲಭವಲ್ಲ.