ಜಳಕದ ನೀರು ಕಾದ ಕಥೆ: ತೊರವಿಯ ಸುರಂಗದಿಂದ ಕಾಕಾನ ಗಾಡಿವರೆಗೆ

ಭಾಗ 1/6
ದೋಸ್ತರೇ, ಇವತ್ತು ಮುಂಜಾನೆ ನಿಮ್ಮ ಜಳಕಕ್ಕ ಬಿಸಿನೀರು ಹೆಂಗ ಬಂತು? ಸ್ವಿಚ್ ಒತ್ತಿದ್ರಿ, ಬಂತು. ನಾನೂ ಇಷ್ಟೇ ಅನ್ಕೊಂಡಿದ್ದೆ, ನಮ್ಮ ಕಾಕಾ ಹಳೇ ಟೆಂಪೋ ಟ್ರಾವೆಲರ್ ತರೂತನಕ.

ಹಿಂದಿನ ಸೀಟು ಕಿತ್ತು ಮಲಗಾಕ ಹಲಗಿ ಹಾಕ್ಸಿದಾರ. 100 ಲೀಟರ್ ಟ್ಯಾಂಕ್, ಪರದೆ ಕಟ್ಟಿ ಒಂದು ಶವರ್. ಯುಗಾದಿ ಮುಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗೋ ನಮ್ಮ ಓಣಿಯವರ ಜೊತಿ ಈ ಗಾಡಿ ಹೋಗಬೇಕು. ನಮ್ಮ ಅಜ್ಜಿನೂ ನಡೀತಾಳ. ಮೊಣಕಾಲ ನೋವು ಅದ, ಬಿಸಿನೀರು ಬೀಳದಿದ್ರ ಮರುದಿನ ಹೆಜ್ಜಿ ಏಳಂಗಿಲ್ಲ.

ಕಾಕಾ ಅಂದರು: "ಬ್ಯಾಟರಿಗೆ ಇನ್ವರ್ಟರ್ ಹಚ್ಚಿ ರಾಡ್ ಬಿಟ್ರ ಆತು. ನೀ ಬಿಕಾಂ ಓದಾಕತ್ತೀಯಲ್ಲ, ಲೆಕ್ಕ ಹಾಕಿ ಹೇಳು." ಲೆಕ್ಕ ಹಾಕಾಕ ಕುಂತವನು ಇತಿಹಾಸಕ್ಕೆ ಹೋದೆ. ಮುಂದಕ್ಕ ಸ್ವೈಪ್ ಮಾಡ್ರಿ.

ಭಾಗ 2/6: ನೀರು ನಡೆದು ಬಂದ ಊರು
ಅಥಣಿ ರಸ್ತೆಯಲ್ಲಿ ದಿನಾ ಓಡಾಡೋರು ತೊರವಿ ದಾಟೇ ದಾಟ್ತೀರಿ. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ (1558–1580) ಅಲ್ಲಿಂದ ವಿಜಯಪುರಕ್ಕೆ ನೆಲದಡಿ ಸುರಂಗ ಕೊರೆದು ನೀರು ತಂದರು. ಪಂಪು ಇಲ್ಲ, ಬರೀ ಇಳಿಜಾರು. ಮುಂದೆ 1651ರಲ್ಲಿ ಬೇಗಂ ತಲಾಬ್ ಆಯ್ತು. ಅದರ ನೀರು ಮಣ್ಣಿನ ಕೊಳವೆಯಲ್ಲಿ ಊರೊಳಗೆ ಬರ್ತಿತ್ತು. ದಾರಿಯಲ್ಲಿ ಒತ್ತಡ ತಗ್ಗಿಸಾಕ ಕಟ್ಟಿದ ನೀರಿನ ಗೋಪುರಗಳೇ ಈ 'ಗಂಜ್'ಗಳು.

ಅಂದ್ರ 370 ವರ್ಷದ ಹಿಂದೆಯೇ ನೀರು ಸಾಗಿಸೋದು ನಮಗ ಗೊತ್ತಿತ್ತು. ಶಾಖ ಸಾಗಿಸೋದು ಮಾತ್ರ ಗೊತ್ತಿರಲಿಲ್ಲ. ಬಿಸಿನೀರು ಬೇಕಂದ್ರ ಅಲ್ಲೇ ಬೆಂಕಿ ಹಚ್ಚಬೇಕು. ಬೀದರ್ ಕೋಟೆಯ ಮ್ಯೂಸಿಯಂ ನೋಡಿದೀರಾ? ಆ ಕಟ್ಟಡ ಒಂದು ಕಾಲಕ್ಕೆ ಅರಮನೆಯ ಹಮ್ಮಾಮ್, ಸ್ನಾನಗೃಹ. ರಾಜನಾದರೂ ಅವನ ಬಿಸಿನೀರಿನ ಹಿಂದೆ ಕಟಿಗಿ ತುರುಕೋ ಒಬ್ಬ ಮನುಷ್ಯ ಇರ್ಲೇಬೇಕು.

ಭಾಗ 3/6: ಹಂಡೆ, ಬಂಬ್
ನಮ್ಮ ಮನೆಗಳಲ್ಲಿ ಆ ಮನುಷ್ಯ ಯಾರು? ಹೆಣ್ಮಕ್ಕಳು. ಬಚ್ಚಲ ಒಲಿ ಮ್ಯಾಲೆ ತಾಮ್ರದ ಹಂಡೆ, ಕೆಳಗೆ ಕುಳ್ಳು, ತೊಗರಿ ಕಟಿಗಿ. ಅಜ್ಜಿ ನಸುಕಿನ ನಾಕಕ್ಕ ಎದ್ದು ಒಲಿ ಊದ್ತಿದ್ಳಂತ. ಎಲ್ಲರ ಜಳಕ ಆದಮ್ಯಾಲೆ ಉಳಿದ ಉಗುರು ಬೆಚ್ಚಗಿನ ನೀರು ಅವಳ ಪಾಲಿಗೆ.

ಆಮೇಲೆ ಬಂತು ಬಂಬ್. ತಾಮ್ರದ ಎತ್ತರದ ಪಾತ್ರೆ, ನಟ್ಟನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ನಳ. ಹೊಗೆ ಮೇಲೆ ಹೋಗೋ ದಾರಿಯಲ್ಲೇ ನೀರು ಕಾಯ್ತದ. ಅದಕ್ಕ ಹಂಡೆಗಿಂತ ಕಡಿಮಿ ಕಟಿಗಿ ಸಾಕು. ದೀಪಾವಳಿಯ ನೀರು ತುಂಬೋ ಹಬ್ಬಕ್ಕ ಅಜ್ಜಿ ಇವತ್ತಿಗೂ ಅದನ್ನ ಹುಣಸಿಹಣ್ಣಿನಿಂದ ತಿಕ್ಕಿ ಪೂಜಿ ಮಾಡ್ತಾಳ.

ಭಾಗ 4/6: ತಂತಿಯೊಳಗಿನ ಬೆಂಕಿ
1841ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯಲ್ಲಿ ಕರೆಂಟ್ ಹರಿದರೆ ಎಷ್ಟು ಶಾಖ ಹುಟ್ತದ ಅಂತ ಲೆಕ್ಕ ಕೊಟ್ಟ. 1868ರಲ್ಲಿ ಲಂಡನ್ನಿನ ಮಾಘನ್ ಗ್ಯಾಸಿನಿಂದ ನೀರು ಕಾಸೋ ಯಂತ್ರ ಮಾಡಿ 'ಗೀಸರ್' ಅಂತ ಹೆಸರಿಟ್ಟ. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯಿಂದ ಬಂದ ಹೆಸರದು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್‌ಗೆ ನಿಕ್ಕಲ್-ಕ್ರೋಮಿಯಂ ತಂತಿಗೆ ಪೇಟೆಂಟ್ ಸಿಕ್ಕಿತು. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ. ನಮ್ಮ ರಾಡಿನೊಳಗೆ ಇರೋದು ಅದೇ.

ಕರೆಂಟ್? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಈಗ ನಮ್ಮ ಜಿಲ್ಲೆಯ ಕೂಡಗಿ ಒಂದೇ 2400 ಮೆಗಾವ್ಯಾಟ್ ಸ್ಥಾವರ. ಬೆಂಕಿ ಆರಿಲ್ಲ ನೋಡ್ರಿ, ಬಚ್ಚಲದಿಂದ ಕೂಡಗಿಗೆ ಹೋಗೇದ, ಅಷ್ಟೇ. ಶಾಖ ಸಾಗಿಸೋದನ್ನ ಕಡೀಕೂ ಕಲಿತ್ವಿ.

ಭಾಗ 5/6: ಕಾಕಾನ ಲೆಕ್ಕ
ಒಬ್ಬರ ಜಳಕ 20 ಲೀಟರ್. 20 ಡಿಗ್ರಿ ನೀರನ್ನ 40ಕ್ಕ ಏರಿಸಬೇಕು. ಬೇಕಾಗೋದು ಸುಮಾರು 0.47 ಯೂನಿಟ್. ಮನೆಯಲ್ಲಿ ಇದು ಏನೂ ಅಲ್ಲ, 1500 ವ್ಯಾಟ್ ರಾಡ್ 19 ನಿಮಿಷದಾಗ ಮುಗಸ್ತದ.

ಗಾಡಿಯಲ್ಲಿ? 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದೇ 1.2 ಯೂನಿಟ್. ಲೆಡ್ ಬ್ಯಾಟರಿ ಬಾಳಿಕೆ ಬರಬೇಕಂದ್ರ ಅರ್ಧಕ್ಕಿಂತ ಹೆಚ್ಚು ತೆಗೀಬಾರದು. ಅಂದ್ರ ಒಬ್ಬರ ಜಳಕಕ್ಕ ಬ್ಯಾಟರಿ ಖಾಲಿ! ಮ್ಯಾಲೆ 1500 ವ್ಯಾಟಿಗೆ 12 ವೋಲ್ಟಿನಲ್ಲಿ 125 ಆಂಪಿಯರ್ ಎಳೀಬೇಕು. ಸಣ್ಣ ವೈರ್ ಇದ್ರ ನೀರಿಗಿಂತ ಮೊದಲ ವೈರೇ ಕಾಯ್ತದ.

ಇನ್ನೊಂದು ಮಾತು. ಮೂರು ವರ್ಷದ ಹಿಂದೆ ನಮ್ಮ ಅವ್ವ ಸ್ಟೀಲ್ ಬಕೆಟ್ಟಿನಲ್ಲಿ ರಾಡ್ ಇಟ್ಟು, ಸ್ವಿಚ್ ಆರಿಸದೇ ನೀರು ಮುಟ್ಟಿ ನೋಡಿದ್ಳು. ರಾಡ್ ಸಣ್ಣಗೆ ಬಿರುಕು ಬಿಟ್ಟಿತ್ತು. ಅಪ್ಪ ಮೇನ್ ಆರಿಸಿದ್ದಕ್ಕ ಉಳಿದ್ಳು. ಎರಡು ದಿನ ಅವಳ ಬಲಗೈ ನಡುಗ್ತಿತ್ತು, ನಾ ಮರೆತಿಲ್ಲ. ಈ ಗಾಡಿಯಂತೂ ಪೂರ್ತಿ ಕಬ್ಬಿಣದ ಡಬ್ಬಿ, ಒದ್ದೆ ಕಾಲು ಬೇರೆ.

ಭಾಗ 6/6: ಏನು ಮಾಡಿದ್ವಿ?
ಕಾಕಾಗೆ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಜ್ಜಿ ಅಂದ್ಳು, "ಬಂಬ್ ಅದ ಅಲ್ಲೋ, ಅದನ್ನ ಹೇರ್ಕೊಂಡು ನಡೀರಿ."

ಈಗ ಪ್ಲಾನ್ ಹಿಂಗದ. ಗಾಡಿ ಮ್ಯಾಲೆ ಕಪ್ಪು ಬಣ್ಣದ ಡ್ರಮ್, ಸಂಜಿ ನೀರು ನಮ್ಮ ಬಿಸಿಲೇ ಕಾಸ್ತದ. ನಸುಕಿಗೆ ಬಂಬ್. ಗಾಡಿಯೊಳಗೆ ಅಲ್ಲ, ಹೊರಗೆ ಇಳಿಸಿ ಹಚ್ಚೋದು, ಯಾಕಂದ್ರ ಮುಚ್ಚಿದ ಜಾಗದ ಹೊಗೆ ಜೀವ ತಗೀತದ. ಬ್ಯಾಟರಿ ಲೈಟಿಗೆ, ಸಣ್ಣ ಪಂಪಿಗೆ ಅಷ್ಟೇ.

ನನ್ನ ಕಡೆಯಿಂದ ಒಂದೇ ಶರತ್ತು: ಬಂಬ್ ಹಚ್ಚೋರು ಗಂಡಸರು, ಮೊದಲ ಬಕೆಟ್ ಅಜ್ಜಿಗೆ. ನಾಕಕ್ಕ ಏಳೋ ಪಾಳಿ ನಂದೇ.

ನಿಮ್ಮನಿ ಹಂಡೆ ಈಗ ಎಲ್ಲದ? ಅಟ್ಟದ ಮ್ಯಾಲೋ, ಗುಜರಿಗೆ ಹೋತೋ? ಅಜ್ಜಿನ್ನ ಕೇಳಿ ಕಾಮೆಂಟ್ ಹಾಕ್ರಿ. ಮತ್ತ ಇವತ್ತೇ ಮನಿ ರಾಡ್ ತಗದು ಬಿರುಕು ಅದ ಏನು ನೋಡ್ರಿ.

#ವಿಜಯಪುರ #ಅಥಣಿರಸ್ತೆ #ತೊರವಿ #ಬಿಸಿನೀರಿನಇತಿಹಾಸ