ಒಂದು ಸೆಲ್ ಸತ್ತರೆ ಇಡೀ ಡ್ರಿಲ್ ಮೂಲೆಗೆ

ಹೊಸ ಮನೆ ಏಳುತ್ತಿರುವ ಯಾವ ಜಾಗಕ್ಕಾದರೂ ಹೋಗಿ ನೋಡಿ. ಬಾಗಿಲು ಕೂರಿಸುವ ಬಡಗಿಯ ಕೈಯಲ್ಲಿ, ಏಣಿಯ ಮೇಲೆ ನಿಂತು ಛಾವಣಿಗೆ ಸ್ಕ್ರೂ ಬಿಗಿಯುವವನ ಕೈಯಲ್ಲಿ ವೈರಿಲ್ಲದ ಡ್ರಿಲ್ ಕಾಣುತ್ತದೆ. ಸರಿಯಾಗಿ ನೋಡಿಕೊಂಡರೆ ಅದರ ಮೋಟರು ಹತ್ತು ವರ್ಷವಾದರೂ ತಿರುಗಬಲ್ಲದು. ಬುಡಕ್ಕೆ ಸಿಕ್ಕಿಸುವ ಬ್ಯಾಟರಿ ಮಾತ್ರ ದಿನನಿತ್ಯದ ದುಡಿಮೆಗೆ ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ. ಹೊಸ ಬ್ಯಾಟರಿಯ ಬೆಲೆ ಕೇಳಿದರೆ, ಇನ್ನಷ್ಟು ಹಣ ಸೇರಿಸಿ ಹೊಸ ಡ್ರಿಲ್ಲನ್ನೇ ಕೊಳ್ಳಬಹುದಲ್ಲ ಎನ್ನಿಸುತ್ತದೆ. ಮಾದರಿ ಹಳೆಯದಾಗಿದ್ದರಂತೂ ಅದಕ್ಕೆ ಹೊಂದುವ ಬ್ಯಾಟರಿಯೇ ಸಿಗದೆ ಯಂತ್ರ ಗುಜರಿಗೆ ಹೋಗುತ್ತದೆ.

ಆದರೆ ಆ ಸತ್ತ ಬ್ಯಾಟರಿಯ ಪ್ಲಾಸ್ಟಿಕ್ ಗೂಡನ್ನು ಬಿಚ್ಚಿ ನೋಡಿದವರಿಗೆ ಬೇರೆಯೇ ಸಂಗತಿ ತಿಳಿಯುತ್ತದೆ. ಒಳಗಿರುವುದು ಒಂದು ಬ್ಯಾಟರಿಯಲ್ಲ, ಸಾಲಾಗಿ ಜೋಡಿಸಿದ ಐದು, ಹತ್ತು ಅಥವಾ ಹದಿನೈದು ಸೆಲ್ಲುಗಳು. ಅನೇಕ ವೇಳೆ ಕೆಟ್ಟಿರುವುದು ಅವುಗಳಲ್ಲಿ ಒಂದೋ ಎರಡೋ. ಉಳಿದವು ಇನ್ನೂ ಗಟ್ಟಿ. ಹಾಗಿದ್ದರೆ ಕೆಟ್ಟದ್ದನ್ನಷ್ಟೇ ತೆಗೆದು ಬೇರೆಯದನ್ನು ಹಾಕಬಾರದೇಕೆ? ಜಗತ್ತಿನ ನಾನಾ ಕಡೆ ಅಡುಗೆಮನೆಯ ಮೇಜಿನ ಮೇಲೆ, ಕಾರ್ ಶೆಡ್ಡಿನ ಮೂಲೆಯಲ್ಲಿ ಜನ ಈ ಪ್ರಶ್ನೆ ಹಿಡಿದು ಕೂತಿದ್ದಾರೆ. ಇದರ ಉತ್ತರಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ.

ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಮೊದಲ ಬ್ಯಾಟರಿಯನ್ನು 1859ರಲ್ಲಿ ಮಾಡಿ ತೋರಿಸಿದವನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ. ಸೀಸದ ತಗಡುಗಳು, ನಡುವೆ ಗಂಧಕಾಮ್ಲ; ನಮ್ಮ ಕಾರು, ಲಾರಿಗಳ ಬ್ಯಾಟರಿ ಈಗಲೂ ಅದೇ ವಂಶದ್ದು. ಆ ಕಾಲದ ಬ್ಯಾಟರಿಗಳನ್ನು ಮಾಡುತ್ತಿದ್ದುದೇ ಬಿಚ್ಚುವುದಕ್ಕಾಗಿ ಎನ್ನಬಹುದು. ಮೇಲೆ ಮುಚ್ಚಳ, ಒಳಗೆ ದ್ರವ. ನೀರು ಇಂಗಿದರೆ ಬಟ್ಟಿ ಇಳಿಸಿದ ನೀರು ಹಾಕಬೇಕು, ಪ್ಲೇಟು ಸವೆದರೆ ಬೇರೆ ಕೂರಿಸಬೇಕು. ಬ್ಯಾಟರಿಯ ಯಜಮಾನನಿಗೆ ಅದರ ಹೊಟ್ಟೆಯೊಳಗೇನಿದೆ ಎಂಬುದು ಗೊತ್ತಿರುತ್ತಿತ್ತು.

ಮುಂದೆ ಬಂದವರು ಇಬ್ಬರು ಪ್ರತಿಸ್ಪರ್ಧಿಗಳು. ಸ್ವೀಡನ್ನಿನ ವಾಲ್ಡೆಮರ್ ಯುಂಗ್ನರ್ 1899ರಲ್ಲಿ ನಿಕಲ್ ಮತ್ತು ಕ್ಯಾಡ್ಮಿಯಂ ಜೋಡಿಸಿದ ಬ್ಯಾಟರಿ ಮಾಡಿದ. ಅಮೆರಿಕದ ಥಾಮಸ್ ಎಡಿಸನ್ ನಿಕಲ್ ಜೊತೆಗೆ ಕಬ್ಬಿಣವನ್ನು ಆರಿಸಿಕೊಂಡ. ಎರಡರಲ್ಲೂ ಆಮ್ಲದ ಬದಲು ಕ್ಷಾರ. ಎಡಿಸನ್ನನ ಮೊದಲ ಮಾದರಿ ಸೋರತೊಡಗಿದಾಗ ಅದನ್ನು ಹಿಂದಕ್ಕೆ ಪಡೆದು, ವರ್ಷಗಟ್ಟಲೆ ತಿದ್ದಿ, 1910ರ ಹೊತ್ತಿಗೆ ಸುಧಾರಿಸಿದ ಬ್ಯಾಟರಿಯನ್ನು ಪೇಟೆಗೆ ತಂದ. ಸುಸ್ತಾದ ಎಡಿಸನ್ ಬ್ಯಾಟರಿಯ ಹಳೆಯ ಕ್ಷಾರವನ್ನು ಚೆಲ್ಲಿ ಹೊಸದನ್ನು ತುಂಬಿದರೆ ಅದು ಮತ್ತೆ ಚೇತರಿಸಿಕೊಳ್ಳುತ್ತಿತ್ತು. ದಶಕಗಳಷ್ಟು ಹಳೆಯ ಇಂಥ ಬ್ಯಾಟರಿಗಳನ್ನು ಹುಡುಕಿ ತಂದು, ಹೊಸ ಕ್ಷಾರ ತುಂಬಿ ಸೌರವಿದ್ಯುತ್ತಿಗೆ ಬಳಸುವ ಹವ್ಯಾಸಿಗಳೂ ಇದ್ದಾರೆ.

ಆದರೆ ದ್ರವ ತುಂಬಿದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಸೂರಿಗೆ ತೂತು ಕೊರೆಯಲಾಗದು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬ್ಯಾಟರಿ ಬೇಕಾದರೆ ಅದನ್ನು ಪೂರ್ತಿ ಮುಚ್ಚಬೇಕು. ಮುಚ್ಚಿದರೆ ಚಾರ್ಜಿನ ಕೊನೆಯಲ್ಲಿ ಹುಟ್ಟುವ ಅನಿಲ ಎಲ್ಲಿಗೆ ಹೋಗಬೇಕು? 1947ರ ಸುಮಾರಿಗೆ ಆ ಅನಿಲವನ್ನು ಒಳಗೇ ಹೀರಿಕೊಳ್ಳುವ ನಿಕಲ್-ಕ್ಯಾಡ್ಮಿಯಂ ಸೆಲ್ಲನ್ನು ರೂಪಿಸಿದರು. ಮುಚ್ಚಳ ಹೋಯಿತು, ನೀರು ಹಾಕುವ ಗೋಜು ತಪ್ಪಿತು. ಅದರ ಜೊತೆಗೇ ಬ್ಯಾಟರಿಯನ್ನು ಬಿಚ್ಚಿ ರಿಪೇರಿ ಮಾಡುವ ಅವಕಾಶವೂ ತಪ್ಪಿತು.

ಪಿಸ್ತೂಲಿನಂಥ ಹಿಡಿ ಮತ್ತು ಕುದುರೆಯುಳ್ಳ ವಿದ್ಯುತ್ ಡ್ರಿಲ್ಲಿಗೆ 1917ರಲ್ಲಿ ಪೇಟೆಂಟ್ ಪಡೆದಿದ್ದ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ, 1961ರಲ್ಲಿ ಈ ಮುಚ್ಚಿದ ಸೆಲ್ಲುಗಳನ್ನು ಹಾಕಿ ವೈರಿಲ್ಲದ ಡ್ರಿಲ್ ಹೊರತಂದಿತು. ಬಲದಲ್ಲಿ ಅದು ವೈರಿನ ಡ್ರಿಲ್ಲಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಚಂದ್ರಯಾನಕ್ಕಾಗಿಯೇ ಇದನ್ನು ಕಂಡುಹಿಡಿದರು ಎಂಬ ಮಾತು ಪತ್ರಿಕೆಗಳಲ್ಲೂ ರಸಪ್ರಶ್ನೆಗಳಲ್ಲೂ ಓಡಾಡುತ್ತದೆ, ಅದು ನಿಜವಲ್ಲ. ಡ್ರಿಲ್ ಮೊದಲು ಅಂಗಡಿಗೆ ಬಂತು, ಬಾಹ್ಯಾಕಾಶಕ್ಕೆ ಹೋದದ್ದು ಆಮೇಲೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ನೆಲವನ್ನು ಕೊರೆದದ್ದೂ ಬ್ಯಾಟರಿಯ ಡ್ರಿಲ್ಲಿನಿಂದಲೇ. ಅದಕ್ಕೆ ಹಾಕಿದ್ದು ಬೆಳ್ಳಿ-ಸತುವಿನ ದುಬಾರಿ ಬ್ಯಾಟರಿ. ಕೊರೆದ ಕೊಳವೆಯನ್ನು ಮೇಲೆಳೆಯಲು ಅವನೂ ಸಂಗಾತಿ ಜೇಮ್ಸ್ ಇರ್ವಿನ್ನನೂ ಭುಜ ಕೊಟ್ಟು ಹೆಣಗಬೇಕಾಯಿತು.

ವೈರಿಲ್ಲದ ಡ್ರಿಲ್ಲನ್ನು ನಿಜವಾಗಿ ಬಡಗಿಯ ಕೈಗೆ ಇಟ್ಟ ಕಂಪನಿಗಳಲ್ಲಿ ಜಪಾನಿನ ಮಕಿಟಾ ಮುಖ್ಯವಾದುದು. ಇದು 1915ರಲ್ಲಿ ನಗೋಯಾ ಪಟ್ಟಣದಲ್ಲಿ ವಿದ್ಯುತ್ ಮೋಟರುಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಅಂಗಡಿಯಾಗಿ ಹುಟ್ಟಿದ್ದು! 1978ರಲ್ಲಿ ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ತಂದಿತು. ಆಮೇಲಿನ ಇಪ್ಪತ್ತು ವರ್ಷ 7.2, 9.6, 12, 14.4, 18 ಎಂದು ವೋಲ್ಟುಗಳ ಪೈಪೋಟಿಯೇ ನಡೆಯಿತು.

ಮನೆ ರಿಪೇರಿಯ ಕಥೆ ಶುರುವಾಗುವುದು ಇಲ್ಲಿಂದ. ನಿಕಲ್-ಕ್ಯಾಡ್ಮಿಯಂ ಸೆಲ್ಲಿನ ವೋಲ್ಟೇಜು 1.2. ಹದಿನೆಂಟು ವೋಲ್ಟಿಗೆ ಹದಿನೈದು ಸೆಲ್ಲು ಸಾಲಾಗಿ ಬೇಕು. ಹದಿನೈದು ಮಂದಿ ಕೈ ಕೈ ಹಿಡಿದು ನಡೆಯುವಾಗ ಒಬ್ಬ ಕುಸಿದರೆ ಮಿಕ್ಕವರು ಅವನನ್ನು ಎಳೆದುಕೊಂಡೇ ಹೋಗುತ್ತಾರಲ್ಲ, ಹಾಗೆಯೇ ಇಲ್ಲಿಯೂ. ದುರ್ಬಲ ಸೆಲ್ಲು ಮೊದಲು ಬರಿದಾಗುತ್ತದೆ. ಉಳಿದ ಹದಿನಾಲ್ಕು ಅದರ ಮೂಲಕ ವಿದ್ಯುತ್ತನ್ನು ನೂಕುತ್ತಲೇ ಇರುತ್ತವೆ. ಆಗ ಅದರ ಧನ ಋಣಗಳೇ ತಿರುವುಮುರುವಾಗಿ ಸೆಲ್ಲು ಕೆಡುತ್ತದೆ.

ಇದಕ್ಕೆ ಜನ ಕಂಡುಕೊಂಡ ಒಂದು ನಾಟಿವೈದ್ಯ ಕುತೂಹಲಕರ. ಕೆಟ್ಟ ಸೆಲ್ಲಿನೊಳಗೆ ಕ್ಯಾಡ್ಮಿಯಂ ಕೂದಲೆಳೆಯಂತೆ ಬೆಳೆದು, ನಡುವಿನ ಪದರವನ್ನು ತೂರಿ ಎರಡೂ ಬದಿಯನ್ನು ಮುಟ್ಟಿಸಿಬಿಟ್ಟಿರುತ್ತದೆ. ಮೀಟರ್ ಇಟ್ಟರೆ ಸೊನ್ನೆ. ಅದಕ್ಕೆ ಕಾರಿನ ಬ್ಯಾಟರಿಯಿಂದ ಕ್ಷಣಮಾತ್ರ ಭಾರಿ ವಿದ್ಯುತ್ ತಾಗಿಸಿದರೆ ಆ ಎಳೆ ಸುಟ್ಟುಹೋಗಿ ಸೆಲ್ಲು ಎದ್ದು ಕೂರುತ್ತದೆ. ಆದರೆ ಪದರದಲ್ಲಿ ಬಿದ್ದ ತೂತು ಹಾಗೆಯೇ ಇರುವುದರಿಂದ ಎಳೆ ಮತ್ತೆ ಬೆಳೆಯುತ್ತದೆ. ಕಿಡಿ ಹಾರಿ ಸೆಲ್ಲು ಸಿಡಿಯುವ ಅಪಾಯ ಬೇರೆ. ನಮ್ಮಲ್ಲಿ ಟಾರ್ಚಿನ ಶೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ದೂಡುತ್ತಿದ್ದರಲ್ಲ, ಇದೂ ಹೆಚ್ಚುಕಡಿಮೆ ಅದೇ ಜಾತಿಯ ಚಿಕಿತ್ಸೆ. ಅಪಾಯ ಮಾತ್ರ ಹೆಚ್ಚು.

ಇನ್ನೊಂದು ನಂಬಿಕೆ ‘ನೆನಪಿನ ದೋಷ’ದ್ದು. ಪೂರ್ತಿ ಬರಿದಾಗುವ ಮೊದಲೇ ಚಾರ್ಜ್ ಮಾಡಿದರೆ ಬ್ಯಾಟರಿ ಅಷ್ಟನ್ನೇ ನೆನಪಿಟ್ಟುಕೊಳ್ಳುತ್ತದೆ ಎಂಬ ಮಾತು. ಪ್ರತಿ ಸುತ್ತಿನಲ್ಲೂ ಕರಾರುವಾಕ್ಕಾಗಿ ಒಂದೇ ಮಟ್ಟಕ್ಕೆ ಇಳಿಯುತ್ತಿದ್ದ ಉಪಗ್ರಹಗಳ ಸೆಲ್ಲುಗಳಲ್ಲಿ ಇದನ್ನು ಗಮನಿಸಿದ್ದು ಹೌದು. ಆದರೆ ಡ್ರಿಲ್ಲನ್ನು ಯಾರೂ ಹಾಗೆ ಅಳೆದು ಬಳಸುವುದಿಲ್ಲ. ಈ ಮಾತು ನಂಬಿ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಮೋಟರು ನಿಲ್ಲುವವರೆಗೆ ಓಡಿಸಿದವರು ತಮ್ಮ ಬ್ಯಾಟರಿಯ ದುರ್ಬಲ ಸೆಲ್ಲನ್ನು ಕೈಯಾರೆ ಕೊಂದರು.

ಕ್ಯಾಡ್ಮಿಯಂ ವಿಷ. ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಝೂ ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಗದ್ದೆಗೂ ಅನ್ನಕ್ಕೂ ಸೇರಿ, ಜನರ ಮೂಳೆಗಳು ಮೃದುವಾಗಿ ಮುರಿಯತೊಡಗಿದವು. ನೋವಿನ ಉದ್ಗಾರವನ್ನೇ ಹೆಸರಾಗಿ ಪಡೆದ ಆ ‘ಇತಾಯಿ ಇತಾಯಿ’ ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೆಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಹಳೆಯ ಸೆಲ್ಲುಗಳನ್ನು ಬದಲಿಸಬಹುದೇ ಹೊರತು ಅವುಗಳ ಲೋಹದ ಕವಚವನ್ನು ಒಡೆಯಬಾರದು ಎನ್ನುವುದು ಇದಕ್ಕಾಗಿ. ಯುರೋಪಿನ ಒಕ್ಕೂಟ 2006ರ ಕಾನೂನಿನಲ್ಲಿ ಕ್ಯಾಡ್ಮಿಯಂ ಬ್ಯಾಟರಿಯನ್ನು ನಿರ್ಬಂಧಿಸಿದರೂ ವೈರಿಲ್ಲದ ಉಪಕರಣಗಳಿಗೆ ವಿನಾಯಿತಿ ಕೊಟ್ಟಿತ್ತು. ಅದು ಮುಗಿದದ್ದು 2016ರ ಕೊನೆಗೆ.

ಅಷ್ಟರಲ್ಲಿ ಲಿಥಿಯಂ ಬಂದಾಗಿತ್ತು. ಅದರ ದಾರಿಯೂ ನೇರವಾಗಿರಲಿಲ್ಲ. ಕೆನಡಾದ ಮೋಲಿ ಎಂಬ ಕಂಪನಿಯ ಲಿಥಿಯಂ ಲೋಹದ ಸೆಲ್ಲುಗಳು 1989ರಲ್ಲಿ ಜಪಾನಿನ ಸಂಚಾರಿ ಫೋನುಗಳಲ್ಲಿ ಬೆಂಕಿ ಹತ್ತಿಸಿ, ಎಲ್ಲವನ್ನೂ ವಾಪಸು ಪಡೆಯಬೇಕಾಯಿತು. 1991ರಲ್ಲಿ ಸೋನಿ ಕಂಪನಿ ಇದಕ್ಕಿಂತ ಸುರಕ್ಷಿತವಾದ ಲಿಥಿಯಂ-ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಅಮೆರಿಕದ ಮಿಲ್ವಾಕಿ ಕಂಪನಿ 28 ವೋಲ್ಟಿನ ಲಿಥಿಯಂ ಉಪಕರಣಗಳನ್ನು ಹೊರತಂದಾಗ ಸೆಲ್ಲು ಒದಗಿಸಿದ್ದು, ಕೈ ಬದಲಾಯಿಸಿ ಮರುಹುಟ್ಟು ಪಡೆದಿದ್ದ ಅದೇ ಮೋಲಿ!

ಲಿಥಿಯಂ ಸೆಲ್ಲಿನ ವೋಲ್ಟೇಜು 3.6. ಹದಿನೆಂಟಕ್ಕೆ ಹದಿನೈದರ ಬದಲು ಐದೇ ಸಾಕು. (ಪೆಟ್ಟಿಗೆಯ ಮೇಲೆ ‘20 ವೋಲ್ಟ್’ ಎಂದು ಬರೆದದ್ದರಲ್ಲೂ ಸಾಮಾನ್ಯವಾಗಿ ಇರುವುದು ಇದೇ ಐದು ಸೆಲ್ಲು, ಪೂರ್ತಿ ತುಂಬಿದಾಗಿನ ಅಂಕಿಯನ್ನು ಅಚ್ಚು ಹಾಕಿರುತ್ತಾರೆ, ಅಷ್ಟೆ.) ಸೆಲ್ಲು ಕಡಿಮೆಯಾದರೆ ರಿಪೇರಿ ಸುಲಭವಾಗಬೇಕಿತ್ತು. ಆದದ್ದು ಅದರ ವಿರುದ್ಧ. ಲಿಥಿಯಂ ಸೆಲ್ಲನ್ನು ಅತಿಯಾಗಿ ತುಂಬಿದರೂ, ಅತಿಯಾಗಿ ಬರಿದು ಮಾಡಿದರೂ ಕೆಡುಕು. ತೀರಾ ಬರಿದಾಗಿ ಬಿದ್ದಿದ್ದ ಸೆಲ್ಲಿನೊಳಗಿನ ತಾಮ್ರ ಕರಗಿ, ಚಾರ್ಜ್ ಮಾಡಿದಾಗ ಬೇರೆಡೆ ಕೂತು ಒಳಗೇ ಶಾರ್ಟ್ ಆಗಬಹುದು. ಸೊನ್ನೆಗಿಳಿದ ಲಿಥಿಯಂ ಸೆಲ್ಲನ್ನು ಹಳೆಯ ಕಾಲದವರ ಹಾಗೆ ಝಾಡಿಸಿ ಎಬ್ಬಿಸುವುದು ಬೆಂಕಿಯೊಡನೆ ಸರಸ. ಅಂಥದನ್ನು ಬದಲಿಸಬೇಕು, ಬದುಕಿಸಬಾರದು.

ಹೀಗಾಗಿ ಗೂಡಿನೊಳಗೆ ಕಾವಲಿಗೆ ಒಂದು ಪುಟ್ಟ ಸರ್ಕ್ಯೂಟು ಬಂತು. ಕಾವಲು ಬೇಕು ನಿಜ. ಆದರೆ ಕೆಲವು ಬ್ಯಾಟರಿಗಳಲ್ಲಿ ಈ ಕಾವಲುಗಾರ ತನ್ನ ಊಟವನ್ನು ಒಂದೇ ಸೆಲ್ಲಿನಿಂದ ಕದಿಯುತ್ತಾನೆ. ತಿಂಗಳುಗಟ್ಟಲೆ ಬಳಸದೆ ಇಟ್ಟರೆ ಆ ಸೆಲ್ಲು ಮಾತ್ರ ಬರಿದಾಗಿ ಸಮತೋಲ ಕೆಡುತ್ತದೆ. ಇನ್ನು ಕೆಲವು ದೋಷವನ್ನು ಶಾಶ್ವತವಾಗಿ ದಾಖಲಿಸಿಕೊಂಡುಬಿಡುತ್ತವೆ. ಆಮೇಲೆ ಹೊಸ ಸೆಲ್ಲು ಹಾಕಿದರೂ ಚಾರ್ಜರಿನ ಕೆಂಪು ದೀಪ ಆರುವುದಿಲ್ಲ. ಮೊದಲನೆಯದು ರಕ್ಷಣೆಯ ಹೆಸರಿನ ಅಚಾತುರ್ಯ. ಎರಡನೆಯದರಲ್ಲಿ ರಕ್ಷಣೆ ಎಷ್ಟು, ವ್ಯಾಪಾರ ಎಷ್ಟು ಎಂದು ಗಿರಾಕಿ ಕೇಳಿದರೆ ತಪ್ಪೇನಿಲ್ಲ.

ಇಷ್ಟಾದರೂ ಮನೆಯಲ್ಲಿ ಸೆಲ್ಲು ಬದಲಿಸಿ ಗೆದ್ದವರು ಬೇಕಾದಷ್ಟಿದ್ದಾರೆ. ಅವರ ಕ್ರಮ ಹೀಗೆ. ಮೊದಲು ಮೀಟರಿನಿಂದ ಒಂದೊಂದು ಸೆಲ್ಲನ್ನೂ ಅಳೆಯುತ್ತಾರೆ. ಒಂದನ್ನಷ್ಟೇ ಬದಲಿಸಿದರೆ ಹಳೆಯ ನಾಲ್ಕಕ್ಕೂ ಹೊಸ ಒಂದಕ್ಕೂ ಹೊಂದದೆ ಮತ್ತೆ ಅದೇ ಪಾಡು. ಆದ್ದರಿಂದ ಒಂದೇ ತಯಾರಿಕೆಯ, ಒಂದೇ ಸಾಮರ್ಥ್ಯದ ಪೂರ್ತಿ ಜೊತೆಯನ್ನೇ ಹಾಕುತ್ತಾರೆ. ಹಳೆಯ ಲ್ಯಾಪ್‌ಟಾಪಿನ ಸೆಲ್ಲು ಅಳತೆಯಲ್ಲಿ ಸರಿಹೊಂದಿದರೂ ಡ್ರಿಲ್ಲು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ತಾಳಲಾರದೆ ಕಾಯುತ್ತದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್ಲಿನ ಮೇಲೆ 9,900 ಮಿಲಿಆಂಪ್-ಗಂಟೆ ಎಂದು ಅಚ್ಚಾಗಿದ್ದರೆ ಅದು ಮೋಸವೆಂದೇ ತಿಳಿಯಿರಿ. ಒಳ್ಳೆಯ ಕಂಪನಿಗಳ ಸೆಲ್ಲು ಹಿಡಿಯುವುದೇ 3,500ರ ಆಸುಪಾಸು.

ಜೋಡಿಸುವುದು ಇನ್ನೊಂದು ಕಷ್ಟ. ಸಾಲ್ಡರಿಂಗ್ ಕಬ್ಬಿಣ ಒತ್ತಿ ಹಿಡಿದರೆ ಶಾಖ ಸೆಲ್ಲಿನೊಳಗಿನ ಪದರಗಳನ್ನು ಹಾಳುಮಾಡುತ್ತದೆ. ಕಾರ್ಖಾನೆಗಳು ನಿಕಲ್ ಪಟ್ಟಿಯನ್ನು ಇಟ್ಟು, ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ನೂರಾರು ಆಂಪಿಯರ್ ಹರಿಸಿ ಚುಕ್ಕಿ ಬೆಸುಗೆ ಹಾಕುತ್ತವೆ. ಇದಕ್ಕಾಗಿ ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಕಿತ್ತು ಯಂತ್ರ ಕಟ್ಟಿಕೊಳ್ಳುವ ಸಾಹಸಿಗಳಿದ್ದಾರೆ. ಆ ಒಲೆಯೊಳಗಿನ ವಿದ್ಯುತ್ತು ಪ್ರಾಣ ತೆಗೆಯುವಂಥದು. ಪಳಗದ ಕೈ ಅತ್ತ ಸುಳಿಯದಿರುವುದು ಲೇಸು. ಸೆಲ್ಲಿನ ಜೊತೆ ಬೆಸುಗೆಯನ್ನೂ ಹಾಕಿಕೊಡುವ ಅಂಗಡಿ ಸಿಕ್ಕರೆ ಅದೇ ವಾಸಿ.

ಕಾನೂನು ಈಗ ನಿಧಾನವಾಗಿ ಈ ಕಡೆ ತಿರುಗಿದೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೈ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ಆದರೆ ಈ ಹಕ್ಕು ಇಡೀ ಬ್ಯಾಟರಿಗೆ ಮಾತ್ರ, ಒಳಗಿನ ಸೆಲ್ಲಿಗಲ್ಲವೆಂದು ಅದೇ ನಿಯಮ ಹೇಳುತ್ತದೆ. ಅದೇ ವಿದ್ಯುತ್ ಸೈಕಲ್ಲಿನಂಥ ಹಗುರ ವಾಹನಗಳಿಗೆ ಬಂದಾಗ, ಒಂದೊಂದು ಸೆಲ್ಲನ್ನೂ ಹೊರಗಿನ ಪರಿಣತ ಕೆಲಸಗಾರ ಬದಲಿಸುವಂತಿರಬೇಕು ಎನ್ನುತ್ತದೆ. ಸೈಕಲ್ಲಿಗೆ ಸಿಕ್ಕ ಮರ್ಯಾದೆ ಡ್ರಿಲ್ಲಿಗೆ ಸಿಗಲಿಲ್ಲ.

ನಮ್ಮ ದೇಶದ 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗಷ್ಟೇ ಸೀಮಿತವಾಗಿದ್ದವು. 2022ರ ಹೊಸ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರಿಗೆ ವಹಿಸಿವೆ. ಬಳಕೆದಾರನಿಗೂ ಒಂದು ಕರ್ತವ್ಯವಿದೆ: ಕೆಟ್ಟ ಬ್ಯಾಟರಿಯನ್ನು ಮನೆಯ ಕಸಕ್ಕೆ ಸೇರಿಸದೆ ಪ್ರತ್ಯೇಕವಾಗಿ ಇಟ್ಟು, ಸಂಗ್ರಹಿಸುವವರಿಗೆ ಕೊಡಬೇಕು. ಹಾಗೆ ಇಡುವ ಮುನ್ನ ಪ್ರತಿ ಸೆಲ್ಲಿನ ಎರಡು ತುದಿಗೂ ಇನ್ಸುಲೇಷನ್ ಟೇಪು ಅಂಟಿಸಿ. ಸತ್ತಿತೆಂದು ಎಸೆದ ಲಿಥಿಯಂ ಸೆಲ್ಲಿನಲ್ಲಿ ಕಸದ ಲಾರಿಗೆ ಬೆಂಕಿ ಹಚ್ಚುವಷ್ಟು ಜೀವ ಇನ್ನೂ ಇರುತ್ತದೆ.